ಎಷ್ಟು ಬ್ಲಾಕ್, ಯಾವ ಬ್ಲಾಕ್

“ಹಳೆಯ ಇಸಿಜಿ ಏನಾದರೂ ಇದೆಯೇ?” ಎಂದು ಡಾಕ್ಟರು ಕೇಳಿದ್ದೇ ತಡ, ಅಪ್ಪನ ಮುಖ ಅರಳಿತು. ಎದೆಯ ತುಂಬ ವಯರು ಅಂಟಿಸಿಕೊಂಡು, ನಾಡಿ ನಿಮಿಷಕ್ಕೆ 36ರಂತೆ ಕುಂಟುತ್ತಿದ್ದ ಹೊತ್ತಿನಲ್ಲೂ ಅರಳಿತು. ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವರು ಅವರು. ದಾಖಲೆ ಇದೆಯೇ ಎಂದು ಯಾರಾದರೂ ಕೇಳಿದರೆ ಅದನ್ನೊಂದು ಮರ್ಯಾದೆಯೆಂದೇ ತಿಳಿಯುತ್ತಾರೆ. “ನೀಲಿ ಫೈಲು, ಕಂದು ಕವರು. ಮಗಳು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾಳೆ” ಎಂದರು.

ಮಗಳು ಅಂದರೆ ನಾನು. ಕವರಿನ ಪಿನ್ನು ಬಿಡಿಸುವಾಗಲೇ ಬೆವರುತ್ತಿದ್ದೆ. ಒಳಗೆ ಏನಿದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾಲ್ಕೂ ಅಂಚು ನೇರವಾಗಿ ಕತ್ತರಿಸಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿ ಕೂರಿಸಿದ ಹಾಳೆ. ಕಾವಲಿಯ ತಳದಂತೆ ಕಪ್ಪು.

ಇಸಿಜಿ ಯಂತ್ರದಲ್ಲಿ ಸಾಮಾನ್ಯವಾಗಿ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ಯಂತ್ರದ ಬಿಸಿ ಮೊನೆ ಎಲ್ಲಿ ಸವರುತ್ತದೆಯೋ ಅಲ್ಲಿ ಗೆರೆ ಮೂಡುತ್ತದೆ. ಲ್ಯಾಮಿನೇಷನ್ ಯಂತ್ರದ ಕೆಲಸವೂ ಬಿಸಿಯದ್ದೇ ಎಂಬುದು 2011ರಲ್ಲಿ ನನಗೆ ಹೊಳೆದಿರಲಿಲ್ಲ. ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯ ಹುಡುಗನಿಗೂ ಹೊಳೆದಿರಲಿಲ್ಲ. ಅವನು ಯಂತ್ರದ ಬಾಯಿಗೆ ಅಪ್ಪನ ಹೃದಯ ಕೊಟ್ಟ, ಆ ಕಡೆಯಿಂದ ಕಪ್ಪು ಹಲಗೆ ಹೊರಗೆ ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ದುಡ್ಡು ಬೇಡ ಅಕ್ಕ, ಎಂದ. ನಾನು ಅದನ್ನು ಕಂದು ಕವರಿಗೆ ಹಾಕಿ, ಪಿನ್ನು ಹೊಡೆದು, ಮೇಲೆ ‘ಇಸಿಜಿ 2011’ ಎಂದು ಚೆಂದದ ಅಕ್ಷರದಲ್ಲಿ ಬರೆದು ಫೈಲಿಗೆ ಸೇರಿಸಿದೆ. ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ.

ಆ ವರ್ಷದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದಿದ್ದ ಇನ್ನೆರಡು ಇಸಿಜಿಗಳಿಗೆ ಈ ಭಾಗ್ಯ ಸಿಕ್ಕಿರಲಿಲ್ಲ. ಅವು ಉಡುಪಿಯ ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿ ಹನ್ನೆರಡು ಬೇಸಗೆ, ಹನ್ನೊಂದು ಮಳೆಗಾಲ ಕಳೆದಿದ್ದವು. ನಸುಗೆಂಪು ಚೌಕಗಳು ಹಾಗೆಯೇ ಇದ್ದವು, ಗೆರೆ ಮಾತ್ರ ಎದ್ದುಹೋಗಿತ್ತು. ಮೂಲೆಯಲ್ಲಿ ಅಪ್ಪ ಹಸಿರು ಶಾಯಿಯಲ್ಲಿ ಹಾಕಿದ್ದ ‘ರೈಟ್’ ಗುರುತು ಸ್ಪಷ್ಟವಾಗಿತ್ತು.

ಡಾಕ್ಟರು ಹಾಳೆಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ. “ನನಗೆ ಗೊತ್ತಾಗಬೇಕಾಗಿದ್ದದ್ದು ಇಷ್ಟೇ. ಈ ಬ್ಲಾಕ್ ಹಳೆಯದೋ, ಹೊಸದೋ?”

ಬ್ಲಾಕ್! ಅಮ್ಮ ಕುರ್ಚಿಯಿಂದ ಅರ್ಧ ಎದ್ದರು. “ಬ್ಲಾಕ್ ಎಲ್ಲ ಆಗಲೇ ತೆಗೆಸಿದ್ದೇವಲ್ಲ ಡಾಕ್ಟರೇ, ಮೂರಕ್ಕೆ ಮೂರೂ?”

ಈ ಒಂದು ಪದ ನಮ್ಮ ಮನೆಯಲ್ಲಿ ಮಾಡಿದ ಫಜೀತಿಯನ್ನು ಬರೆಯಲೆಂದೇ ಕುಳಿತಿದ್ದೇನೆ.

ಅಪ್ಪನಿಗೆ ಬೈಪಾಸ್ ಆದದ್ದು 2011ರ ಡಿಸೆಂಬರಿನಲ್ಲಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಆಗ ಅವರಿಗೆ 62. ಅದಕ್ಕೆ ಮೊದಲು ಎರಡು ತಿಂಗಳು ಅವರ ಎದೆನೋವಿಗೆ ಮನೆಯಲ್ಲಿ ‘ಗ್ಯಾಸ್’ ಎಂದೇ ಹೆಸರು. ಓಮದ ನೀರು ಆಯಿತು, ಜೀರಿಗೆ ಕಷಾಯ ಆಯಿತು, ಯಾರೋ ಹೇಳಿದರೆಂದು ರಾತ್ರಿ ಊಟಕ್ಕೆ ಬರೀ ಗಂಜಿ ಆಯಿತು. ಮಲ್ಪೆಯ ಮರಳಿನಲ್ಲಿ ನಡೆಯುವಾಗ ಎರಡು ಸಲ ಕುಳಿತುಕೊಂಡ ಮೇಲೆ ಆಂಜಿಯೋಗ್ರಾಂ ಆಯಿತು. ಮೂರು ಮುಖ್ಯ ರಕ್ತನಾಳಗಳಲ್ಲೂ ಅಡ್ಡಿ.

ಆಮೇಲೆ ನೋಡಲು ಬಂದವರೆಲ್ಲರದ್ದೂ ಒಂದೇ ಪ್ರಶ್ನೆ, “ಎಷ್ಟು ಬ್ಲಾಕ್?” ಮೂರು ಎಂದರೆ “ಎಷ್ಟು ಪರ್ಸೆಂಟ್?” ಠೇವಣಿಗೆ ಬಡ್ಡಿ ವಿಚಾರಿಸಿದ ಹಾಗೆ. ತೊಂಬತ್ತು ಎಂದರೆ ಅರ್ಧ ಮರುಕ, ಅರ್ಧ ಮೆಚ್ಚುಗೆಯ ಒಂದು ನಿಟ್ಟುಸಿರು. ಅಪ್ಪನೂ ಮೂರು ಬ್ಲಾಕನ್ನು ಒಂದು ಬಗೆಯ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಪಕ್ಕದ ಹಾಸಿಗೆಯ ಬೈಂದೂರಿನವರಿಗೆ ಎರಡೇ ಎಂದು ತಿಳಿದ ದಿನ ಅವರ ಬಗ್ಗೆ ಸ್ವಲ್ಪ ಉದಾರವಾಗಿ ಮಾತನಾಡಿದರು.

ಶಸ್ತ್ರಚಿಕಿತ್ಸೆಯೇನೋ ಈಗ ಹೊಸದಲ್ಲ. ಅರ್ಜೆಂಟೀನಾದ ರೆನೆ ಫವಲೊರೊ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1967ರಲ್ಲಿ ಕಾಲಿನ ಸಿರೆಯನ್ನು ಹೃದಯದ ರಕ್ತನಾಳಕ್ಕೆ ಹೊಲಿದು ದಾರಿ ತೋರಿಸಿದರು. ನಮ್ಮ ದೇಶದಲ್ಲಿ ಮೊದಲ ಬೈಪಾಸ್ 1975ರಲ್ಲಿ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ. ಎಂ. ಚೆರಿಯನ್ ಅವರ ಕೈಯಲ್ಲಿ ಆಯಿತು. ಅಪ್ಪನಿಗೆ ಎದೆಗೋಡೆಯ ಒಳಬದಿಯ ಒಂದು ಧಮನಿಯನ್ನು ತಿರುಗಿಸಿ ಜೋಡಿಸಿದ್ದರು, ಉಳಿದ ಎರಡಕ್ಕೆ ಕಾಲಿನ ಸಿರೆ. ಎದೆಯ ಧಮನಿಯ ಜೋಡಣೆ ಹತ್ತು ವರ್ಷದ ಮೇಲೂ ನೂರರಲ್ಲಿ ತೊಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನ ಸಿರೆಗಳಲ್ಲಿ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮುಚ್ಚಿಹೋಗಿರುತ್ತವೆ. ಇದನ್ನು ನಮಗೆ ಆಗಲೇ ಹೇಳಿದ್ದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಐಸಿಯುವಿನಿಂದ ಹೊರಗೆ ಬಂದಾಗ ಅವರ ಎದೆಯ ಕೆಳಗೆ, ಹೊಲಿಗೆಯ ತುದಿಯಲ್ಲಿ, ಕೂದಲಿಗಿಂತ ತುಸು ದಪ್ಪನೆಯ ಎರಡು ತಂತಿಗಳು ಚರ್ಮದಿಂದ ಹೊರಗೆ ಇಣುಕುತ್ತಿದ್ದವು. ಪ್ಲಾಸ್ಟರ್ ಹಚ್ಚಿ ಹೊಟ್ಟೆಯ ಮೇಲೆ ಸುತ್ತಿಟ್ಟಿದ್ದರು. ಅವು ಒಳಗೆ ಹೃದಯದ ಮೈಮೇಲೆಯೇ ಕುಳಿತಿದ್ದ ತಂತಿಗಳು. ಹೃದಯ ಮಂಕಾದರೆ ಹೊರಗಿನಿಂದ ಪೆಟ್ಟಿಗೆ ಜೋಡಿಸಿ ಬಡಿಸಲು. ಐದನೆಯ ದಿನ ನರ್ಸ್ ಬಂದು, ಉಸಿರು ತೆಗೆದುಕೊಳ್ಳಿ, ಬಿಡಿ ಎಂದು ಎಳೆದುಬಿಟ್ಟಳು. ಹೇಗಾಯಿತು ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ, “ಮಲ್ಲಿಗೆ ಚೆಂಡಿನಿಂದ ಬಾಳೆನಾರು ಎಳೆದ ಹಾಗೆ” ಎಂದರು. ಶಂಕರಪುರದ ಮಲ್ಲಿಗೆ ಕಟ್ಟುವುದನ್ನು ನೋಡಿದವರಿಗೆ ಮಾತ್ರ ಈ ಉತ್ತರದ ನಯ ತಿಳಿದೀತು.

ಆ ತಂತಿ ಯಾಕೆ ಬೇಕು? ಹೃದಯದ ಕೆಲಸ ನಿಲ್ಲಿಸಿಯೇ ಈ ಹೊಲಿಗೆ ಹಾಕುವುದು ವಾಡಿಕೆ. ಬಡಿಯುತ್ತಿರುವ ಹೃದಯದ ಮೇಲೆಯೇ ಮಾಡುವವರೂ ಇದ್ದಾರೆ, ಅಪ್ಪನದು ನಿಲ್ಲಿಸಿ ಮಾಡಿದ್ದು. ಮಹಾಪಧಮನಿಗೆ ಚಿಮ್ಮಟ ಹಾಕಿ, ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಹರಿಸಿದರೆ ಹೃದಯ ಸುಮ್ಮನಾಗುತ್ತದೆ. ನಮ್ಮ ಎಳನೀರಿನಲ್ಲಿ ಧಾರಾಳವಾಗಿರುವ ಅದೇ ಪೊಟ್ಯಾಸಿಯಂ. ಕೆಲಸ ಮುಗಿದ ಮೇಲೆ ರಕ್ತ ಬಿಟ್ಟರೆ ಹೃದಯ ಮತ್ತೆ ಎದ್ದು ಕೂರುತ್ತದೆ. ಆದರೆ ಆ ಒಂದೆರಡು ಗಂಟೆಯ ಚಳಿ, ಉಪವಾಸ, ಆಮೇಲಿನ ಊತ ಇವೆಲ್ಲ ಹೃದಯದೊಳಗಿನ ಸಂದೇಶ ಸಾಗಿಸುವ ಎಳೆಗಳಿಗೂ ತಟ್ಟುತ್ತವೆ. ಕೆಲವರಲ್ಲಿ ಸಂದೇಶ ಎಲ್ಲೋ ಒಂದು ಕಡೆ ತಡವರಿಸುತ್ತದೆ, ಕೆಲವರಲ್ಲಿ ನಿಂತೇಹೋಗುತ್ತದೆ. ಬಹುಪಾಲು ಗಂಟೆಗಳಲ್ಲೋ ದಿನಗಳಲ್ಲೋ ಸರಿಹೋಗುತ್ತದೆ. ಬರೀ ಬೈಪಾಸ್ ಆದವರಲ್ಲಿ ಶಾಶ್ವತ ಪೇಸ್‌ಮೇಕರ್, ಅಂದರೆ ಮೈಯೊಳಗೇ ಇದ್ದು ಹೃದಯವನ್ನು ಬಡಿಸುವ ಯಂತ್ರ, ಬೇಕಾಗುವುದು ಸುಮಾರು ನೂರಕ್ಕೆ ಒಬ್ಬರಿಗೆ. ಕವಾಟದ ಶಸ್ತ್ರಚಿಕಿತ್ಸೆಯಲ್ಲಿ ಈ ಲೆಕ್ಕ ಹೆಚ್ಚು, ಯಾಕೆಂದರೆ ಆ ಎಳೆಗಳು ಕವಾಟಗಳ ಮಗ್ಗುಲಲ್ಲೇ ಹಾದುಹೋಗುತ್ತವೆ.

ಅಪ್ಪನಿಗೆ ತಂತಿ ಕೆಲಸಕ್ಕೆ ಬರಲಿಲ್ಲ. ಮೂರನೆಯ ರಾತ್ರಿ ಬಂದದ್ದು ಬೇರೆಯೇ. ನಾಡಿ 140, ಅದೂ ಒಂದು ಲಯವಿಲ್ಲದೆ, ತಗಡಿನ ಮಾಡಿನ ಮೇಲೆ ಮೊದಲ ಮಳೆಯ ಹನಿಗಳು ಬಿದ್ದ ಹಾಗೆ. ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಅದುರುವುದು. ಬೈಪಾಸ್ ಆದ ಹತ್ತು ಜನರಲ್ಲಿ ಸುಮಾರು ಮೂವರಿಗೆ ಇದು ಬರುತ್ತದೆ, ಹೆಚ್ಚಾಗಿ ಎರಡನೆಯ ಮೂರನೆಯ ದಿನವೇ ಬರುತ್ತದೆ. ಡ್ರಿಪ್ಪಿನಲ್ಲಿ ಔಷಧ ಕೊಟ್ಟರು, ಎರಡು ದಿನದಲ್ಲಿ ಹೋಯಿತು. “ಬಂದು ಹೋಗುವ ನೆಂಟ” ಎಂದರು ಅಲ್ಲಿನ ಡ್ಯೂಟಿ ಡಾಕ್ಟರು. ಆ ಮಾತು ನೆನಪಿನಲ್ಲಿರಲಿ.

ಬಿಡುಗಡೆಯ ಕಾಗದದಲ್ಲಿ ಒಂದು ಸಾಲು ಇತ್ತು, ‘ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’. ಅದನ್ನು ಓದಿದವರು ಅಪ್ಪನ ಅಕ್ಕ, ನನ್ನ ದೊಡ್ಡತ್ತೆ. ಅವರು ಕುಂದಾಪುರಕ್ಕೆ ಫೋನು ಮಾಡಿದರು. ಸಂಜೆಯೊಳಗೆ ಸುದ್ದಿ ಬ್ರಹ್ಮಾವರ, ಸಾಲಿಗ್ರಾಮ ದಾಟಿ, ಬೆಂಗಳೂರಿಗೂ ಹೋಗಿ, ತಿರುಗಿ ನಮಗೇ ಬಂದು ಮುಟ್ಟಿತು: ‘ಇಷ್ಟು ಖರ್ಚು ಮಾಡಿದರೂ ಡಾಕ್ಟರು ಒಂದು ಬ್ಲಾಕ್ ಬಿಟ್ಟುಬಿಟ್ಟಿದ್ದಾರಂತೆ. ಬಲಗಡೆಯದ್ದು.’

ಅದು ರಕ್ತದ ದಾರಿಯ ಬ್ಲಾಕ್ ಅಲ್ಲ, ಸುದ್ದಿಯ ದಾರಿಯ ಬ್ಲಾಕ್ ಎಂದು ಯಾರಾದರೂ ಬಿಡಿಸಿ ಹೇಳಿದ್ದರೆ ಒಂದು ವಾರದ ಫೋನು ಖರ್ಚು ಉಳಿಯುತ್ತಿತ್ತು. ನನಗೂ ಅದು ಅರ್ಥವಾದದ್ದು ಹನ್ನೆರಡು ವರ್ಷದ ಮೇಲೆ, ಓದಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು, ವೈದ್ಯಳಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತವರಿಗೆ ಓದುವುದಕ್ಕೆ ಸಮಯ ಸಿಗುತ್ತದೆ ಅಷ್ಟೆ.

ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಚಿಕ್ಕ ಗುಚ್ಛವಿದೆ, ಸೈನಸ್ ನೋಡ್. ಬಡಿತ ಹುಟ್ಟುವುದು ಅಲ್ಲಿ. 1907ರಲ್ಲಿ ಅದನ್ನು ಲೋಕಕ್ಕೆ ತೋರಿಸಿದವರು ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಅವರ ಶಿಷ್ಯ ಮಾರ್ಟಿನ್ ಫ್ಲ್ಯಾಕ್. ಮೊದಲು ಕಣ್ಣಿಗೆ ಬಿದ್ದದ್ದು ನೆಲ ಕೊರೆದು ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ, ಫ್ಲ್ಯಾಕ್‌ಗೆ, ಅವರಿನ್ನೂ ವಿದ್ಯಾರ್ಥಿ. ಗುರುಗಳು ಸೈಕಲ್ ಸವಾರಿಗೆ ಹೋಗಿದ್ದ ಹೊತ್ತು ಅದು. (ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳುವುದಿಲ್ಲ. ನಾನಿಲ್ಲದಾಗಲೇ ಕಲಿಯುವುದು ಹೆಚ್ಚು ಎಂದುಕೊಂಡುಬಿಡುತ್ತಾರೆ.) ಅಲ್ಲಿಂದ ಹೊರಟ ಸುದ್ದಿ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಒಂದು ಗಂಟಿಗೆ ಬರುತ್ತದೆ, ಎವಿ ನೋಡ್. ಇದನ್ನು 1906ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಕುಳಿತು ವಿವರಿಸಿದವರು ಜಪಾನಿನ ಸುನಾವೊ ತವಾರ. ಇಲ್ಲಿ ಸುದ್ದಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ನಿಲ್ಲುತ್ತದೆ. ಆ ನಿಲುಗಡೆ ದೋಷವಲ್ಲ, ಅದೇ ಶಿಸ್ತು. ಪಂಕ್ತಿಯ ಕೊನೆಯ ಎಲೆಗೂ ಬಡಿಸಿ ಆಗುವ ತನಕ ಕಾದು ‘ಗೋವಿಂದ’ ಹೇಳಿದ ಹಾಗೆ, ಕೆಳಗಿನ ಕೋಣೆಗಳು ತುಂಬುವ ತನಕ ಕಾಯುವುದು. ಆಮೇಲೆ ಸುದ್ದಿ ಒಂದು ಕಟ್ಟಿನಲ್ಲಿ ಇಳಿದು, ಎಡಗವಲು ಬಲಗವಲು ಎಂದು ಒಡೆದು, ಬೇರಿನಂತೆ ಹರಡಿ ಸ್ನಾಯುವಿಗೆ ಮುಟ್ಟುತ್ತದೆ.

ಬಲಗವಲು ಸಪೂರ, ಉದ್ದ, ಒಂಟಿ. ಪೆಟ್ಟು ಬಿದ್ದರೆ ಮೊದಲು ಬೀಳುವುದು ಅದಕ್ಕೇ. ಬೈಪಾಸ್ ಆದ ಮೇಲೆ ಹೊಸದಾಗಿ ಕಾಣುವ ಇಂಥ ಬ್ಲಾಕ್‌ಗಳಲ್ಲಿ ಬಲದ್ದೇ ಹೆಚ್ಚು. ಬಲಗವಲು ಕೈಕೊಟ್ಟರೆ ಬಲ ಕೋಣೆಗೆ ಸುದ್ದಿ ಪಕ್ಕದ ಮನೆಯಿಂದ ಬೇಲಿ ದಾಟಿ ತಡವಾಗಿ ಬರುತ್ತದೆ, ಇಸಿಜಿಯ ಗೆರೆ ಮೂರು ಸಣ್ಣ ಚೌಕದಷ್ಟು ಅಥವಾ ಅದಕ್ಕೂ ಅಗಲವಾಗುತ್ತದೆ, ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಅದೊಂದೇ ಇದ್ದರೆ ಹೆಚ್ಚಿನವರಿಗೆ ಔಷಧವೂ ಬೇಡ. ಎಡಗವಲಿನದು ಹಾಗಲ್ಲ. ದೇಹಕ್ಕೆಲ್ಲ ರಕ್ತ ನೂಕುವುದು ಎಡ ಕೋಣೆ. ಅದರ ಒಂದು ಗೋಡೆ ಮೊದಲು, ಇನ್ನೊಂದು ಆಮೇಲೆ ಮುದುಡಿದರೆ ಪಂಪು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಕಡಿಮೆ. ಈಗಾಗಲೇ ದುರ್ಬಲವಾದ ಹೃದಯವನ್ನು ಇದು ವರ್ಷಗಳುದ್ದಕ್ಕೆ ಇನ್ನಷ್ಟು ದಣಿಸುತ್ತದೆ. ಅಂಥವರಲ್ಲಿ ಕೆಲವರಿಗೆ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ವಿಶೇಷ ಪೇಸ್‌ಮೇಕರ್ ಹಾಕುತ್ತಾರೆ.

ನಮ್ಮ ಭಾಷೆಯಲ್ಲಿ ಇದಕ್ಕೂ ಬ್ಲಾಕ್, ಕೊಬ್ಬು ಕಟ್ಟಿದ ರಕ್ತನಾಳಕ್ಕೂ ಬ್ಲಾಕ್. ಇಂಗ್ಲಿಷಿನಲ್ಲಿಯೂ ಹತ್ತಿರ ಹತ್ತಿರ ಹಾಗೆಯೇ, ಆದರೆ ಅದು ಅವರ ಪಾಡು.

ಹನ್ನೆರಡು ವರ್ಷ ಅಪ್ಪ ಚೆನ್ನಾಗಿದ್ದರು. ಇದನ್ನು ಒಂದೇ ಸಾಲಿನಲ್ಲಿ ಬರೆಯುವುದು ಅನ್ಯಾಯ, ಆದರೆ ಚೆನ್ನಾಗಿರುವುದರಲ್ಲಿ ಬರೆಯುವುದಕ್ಕೆ ಏನಿರುತ್ತದೆ? ಎರಡು ಪರ್ಯಾಯಗಳ ಮೆರವಣಿಗೆಯನ್ನು ರಾತ್ರಿಯೆಲ್ಲ ನಿಂತು ನೋಡಿದರು. ನನ್ನ ಮಗನಿಗೆ ಚಕ್ರಬಡ್ಡಿ ಕಲಿಸಿದರು. ಬೆಳಗ್ಗೆ ಬಿಪಿ ಬರೆದಿಡುವ ಡೈರಿ ಒಂದು ದಿನ ತಪ್ಪಲಿಲ್ಲ.

2023ರ ಮೇ ತಿಂಗಳು. ಬೆಳಗ್ಗೆ ಹೂ ಕೊಯ್ಯುವಾಗ ಅವರಿಗೆ ಕಣ್ಣು ಕತ್ತಲೆ ಬಂದು, ದಾಸವಾಳದ ಗಿಡ ಹಿಡಿದುಕೊಂಡು ಕುಳಿತರು. ಸೆಕೆ ಎಂದರು ಅಮ್ಮ. ಎಳನೀರು ಕೊಟ್ಟರು. ಮರುದಿನ ಬಚ್ಚಲಿನಲ್ಲಿ ಮತ್ತೆ ಹಾಗೇ. ಮೂರನೆಯ ದಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಕೋವಿಡ್ ಕಾಲದಲ್ಲಿ ತಂದಿದ್ದ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿದರು. ನನಗೆ ಫೋನು ಬಂತು. “ಆಕ್ಸಿಜನ್ 97 ಇದೆ, ಗಾಬರಿ ಇಲ್ಲ.”

“ಕೆಳಗಿನ ಅಂಕಿ ಎಷ್ಟಮ್ಮ?”

“ಅದು ಸರಿ ತೋರಿಸುತ್ತಿಲ್ಲ. 36 ಅಂತ ಬರುತ್ತಿದೆ. ಸೆಲ್ಲು ಹಳೆಯದಾಗಿದೆ ಅಂತ ಅಪ್ಪ ಹೊಸತು ಹಾಕಿದರು. ಆದರೂ 36.”

ಎರಡು ವರ್ಷ ಊರೆಲ್ಲ ಮೇಲಿನ ಅಂಕಿಯನ್ನೇ ನೋಡಿ ನೋಡಿ, ಕೆಳಗೂ ಒಂದು ಅಂಕಿ ಇದೆ ಎಂಬುದನ್ನೇ ನಾವು ಮರೆತಿದ್ದೆವು. ಹಿಂದಿನ ಮೂರು ದಿನದ ಬಿಪಿ ಡೈರಿಯಲ್ಲೂ ಅಪ್ಪ ಬಿಪಿಯ ಮುಂದೆ ನಾಡಿಯನ್ನು ನೀಟಾಗಿ ಬರೆದಿದ್ದರು. 41, 38, 38. ಬರೆದಿದ್ದರು, ಓದಿರಲಿಲ್ಲ. ಬ್ಯಾಂಕಿನವರ ಮೇಲೆ ಗ್ರಾಹಕರ ದೂರೂ ಇದೇ ತಾನೇ?

ಆಸ್ಪತ್ರೆಯಲ್ಲಿ ಕಂಡದ್ದು ಸಂಪೂರ್ಣ ಹೃದಯ ಬ್ಲಾಕ್. ಮೇಲಿನ ಕೋಣೆಗಳು ನಿಮಿಷಕ್ಕೆ 80ರಂತೆ ಬಡಿಯುತ್ತಿವೆ, ಆ ಸುದ್ದಿ ಒಂದೂ ಕೆಳಗೆ ಇಳಿಯುತ್ತಿಲ್ಲ. ಭಾಗವತರದ್ದೊಂದು ತಾಳ, ಚೆಂಡೆಯವರದ್ದೊಂದು. ಹಾಗಾದರೆ ಕೆಳಗಿನ ಕೋಣೆ ನಿಲ್ಲಬೇಕಿತ್ತಲ್ಲ? ನಿಲ್ಲುವುದಿಲ್ಲ. ಮೇಲಿನಿಂದ ಅಪ್ಪಣೆ ಬಾರದಿದ್ದರೆ ಕೆಳಗಿನ ಸ್ನಾಯುವೇ ತನ್ನ ಪಾಡಿಗೆ ನಿಮಿಷಕ್ಕೆ 20ರಿಂದ 40 ಸಲ ಬಡಿದುಕೊಳ್ಳುತ್ತದೆ. “ಮೇನೇಜರು ಬಾರದ ದಿನ ಶಾಖೆಯ ಬಾಗಿಲು ತೆಗೆಯುವ ಅಟೆಂಡರು” ಎಂದರು ಅಪ್ಪ. ಬಾಗಿಲು ತೆಗೆಯಬಲ್ಲ, ಚೆಕ್ಕು ಪಾಸು ಮಾಡಲಾರ.

ಆಗಲೇ ಡಾಕ್ಟರು ಹಳೆಯ ಇಸಿಜಿ ಕೇಳಿದ್ದು, ಆಗಲೇ ನನ್ನ ಕಂದು ಕವರು ಬಿಚ್ಚಿಕೊಂಡದ್ದು.

ಪೇಸ್‌ಮೇಕರ್ ಹಾಕಲು ಅವರು ಅವಸರ ಮಾಡಲಿಲ್ಲ. ಕೊರಳಿನ ಸಿರೆಯಿಂದ ತಾತ್ಕಾಲಿಕ ತಂತಿ ಇಳಿಸಿ, ಬೈಪಾಸ್ ಆದಂದಿನಿಂದ ನುಂಗುತ್ತಿದ್ದ ಮೆಟೊಪ್ರೊಲಾಲ್ ನಿಲ್ಲಿಸಿದರು. ಅದು ಬಡಿತ ನಿಧಾನ ಮಾಡುವ ಮಾತ್ರೆ. ಥೈರಾಯ್ಡ್ ನೋಡಿದರು. ಪೊಟ್ಯಾಸಿಯಂ ನೋಡಿದರು, ದಿನಕ್ಕೆ ಎಷ್ಟು ಎಳನೀರು ಎಂದೂ ಕೇಳಿದರು. ಕೆಲವು ಬಿಪಿ ಮಾತ್ರೆಗಳು ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತವೆ, ಮೂತ್ರಪಿಂಡವೂ ಸೊರಗಿದ್ದರೆ ಎಳನೀರು ಔಷಧದ ಬದಲು ಪೀಡೆಯಾದೀತು, ಅತಿಯಾದ ಪೊಟ್ಯಾಸಿಯಂನಿಂದಲೂ ಹೃದಯದ ಸುದ್ದಿ ನಿಂತುಹೋಗಬಹುದು. ಅಪ್ಪನ ರಕ್ತದಲ್ಲಿ ಎಲ್ಲ ಸರಿಯಿತ್ತು. ಎರಡು ದಿನ ಕಾದರೂ ಬಡಿತ ಏರಲಿಲ್ಲ. ಆಂಜಿಯೋಗ್ರಾಂ ಕೂಡ ಮಾಡಿದರು. ಎದೆಯ ಧಮನಿಯ ಜೋಡಣೆ ಹೊಸದರಂತೆ ಇತ್ತು. ಕಾಲಿನ ಎರಡು ಸಿರೆಗಳಲ್ಲಿ ಒಂದು ಮುಚ್ಚಿತ್ತು, ಎವಿ ನೋಡಿನ ಕಡೆಗೆ ಹೋಗುವ ಬಲಗಡೆಯದ್ದೇ.

“ಹಾಗಾದರೆ ಬೈಪಾಸ್‌ನಿಂದಲೇ ಹೀಗಾಯಿತೇ?” ದೊಡ್ಡತ್ತೆ ಫೋನಿನಲ್ಲಿ ಕೇಳಿದ ಈ ಪ್ರಶ್ನೆಯನ್ನು ನಾನು ಡಾಕ್ಟರಿಗೆ ದಾಟಿಸಿದೆ. ಅವರು ಉತ್ತರಿಸಿದ ರೀತಿ ನನಗೆ ಹಿಡಿಸಿತು. ವಯಸ್ಸಾದಂತೆ ಆ ಎಳೆಗಳು ತಾವಾಗಿಯೇ ನಾರುಗಟ್ಟುತ್ತವೆ, ಬೈಪಾಸ್ ಆಗದವರಲ್ಲೂ. ರಕ್ತನಾಳದ ಕಾಯಿಲೆ ಅದೇ ಎಳೆಗಳಿಗೆ ಹೊಟ್ಟೆಗಿಲ್ಲದ ಹಾಗೆ ಮಾಡುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿನ ಪೆಟ್ಟು ಇನ್ನೊಂದು. ಬಲಗವಲಿನ ಬ್ಲಾಕ್ 2011ಕ್ಕೆ ಮೊದಲೇ ಇತ್ತೇ, ಅಂದೇ ಬಂತೇ, ಎಡಗವಲಿನಲ್ಲೂ ಆಗಲೇ ಒಂದಿಷ್ಟು ಕುಂದು ಇತ್ತೇ ಎಂದು ಗೊತ್ತಾದರೆ ಸ್ವಲ್ಪ ಹೇಳಬಹುದಿತ್ತು. ಅವರು ಮೇಜಿನ ಮೇಲಿದ್ದ ಕಪ್ಪು ಹಾಳೆಯ ಕಡೆ ನೋಡಲಿಲ್ಲ. ನಾನು ನೋಡಿದೆ.

ಬೈಪಾಸ್ ಆದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಸಂಶೋಧಕರಿಗೂ ಇದೇ ಪೇಚು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸುದ್ದಿಯ ದಾರಿ ಕೆಟ್ಟವರು ಆಮೇಲೆ ಹೆಚ್ಚು ಕಷ್ಟ ಪಡುತ್ತಾರೆ ಎಂದು ಕಂಡರೆ ತಪ್ಪು ಯಾರದ್ದು ಎನ್ನಬೇಕು? ಆ ಗುಂಪಿನಲ್ಲಿ ಮೊದಲೇ ವಯಸ್ಸಾದವರು ಹೆಚ್ಚು, ರಕ್ತನಾಳ ಹೆಚ್ಚು ಕೆಟ್ಟವರು ಹೆಚ್ಚು, ಹೃದಯದ ಶಕ್ತಿ ಕುಗ್ಗಿದವರು ಹೆಚ್ಚು. ಕೊಡೆ ಹಿಡಿದವರೆಲ್ಲ ಒದ್ದೆಯಾಗಿದ್ದಾರೆ ಎಂದು ಕೊಡೆಯನ್ನು ಬೈಯುವವರು ಜೂನ್ ತಿಂಗಳಿನಲ್ಲಿ ನಮ್ಮೂರಿಗೆ ಬಂದು ನೋಡಬೇಕು. ತರಗತಿಯಲ್ಲಿ ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆದರೂ ಅಪ್ಪನ ಹಾಸಿಗೆಯ ಪಕ್ಕ ನಿಂತಾಗ ನನಗೂ ಒಂದೇ ಒಂದು ಕಾರಣ, ಒಂದೇ ಒಂದು ಹೆಸರು ಬೇಕೆನಿಸಿತ್ತು. ಬೈಪಾಸ್ ಎಂದು ಬೈದುಬಿಟ್ಟರೆ ಹಗುರಾಗುತ್ತಿತ್ತು. ಅದು ಅವರಿಗೆ ಕೊಟ್ಟ ಹನ್ನೆರಡು ವರ್ಷವನ್ನು ಯಾವ ಬದಿಗೆ ಬರೆಯುವುದು, ಜಮೆಗೋ ಖರ್ಚಿಗೋ?

ಪೇಸ್‌ಮೇಕರ್ ಹಾಕಿದ್ದು ಒಂದೂವರೆ ಗಂಟೆಯ ಕೆಲಸ. ಪ್ರಜ್ಞೆ ತಪ್ಪಿಸುವುದಿಲ್ಲ, ಎಡ ಭುಜದ ಕೆಳಗೆ ಮರಗಟ್ಟಿಸಿ, ಚರ್ಮದ ಅಡಿಯಲ್ಲಿ ಒಂದು ಜೇಬು ಮಾಡಿ, ಅಂಗಿಯ ಗುಂಡಿಗಿಂತ ದೊಡ್ಡದು, ಬೆಂಕಿಪೊಟ್ಟಣಕ್ಕಿಂತ ತೆಳ್ಳನೆಯದು ಒಂದನ್ನು ಕೂರಿಸಿ, ಸಿರೆಯೊಳಗಿಂದ ಎರಡು ತಂತಿ ಇಳಿಸುತ್ತಾರೆ. ಸಂಜೆ ನಾಡಿ 60. ಅಪ್ಪ ಕೈ ನೋಡಿಕೊಂಡು, “ಮೇನೇಜರು ಬಂದರು” ಎಂದರು.

ಇದರ ಚರಿತ್ರೆಯನ್ನು ನಾನು ಓದಿ ಹೇಳಿದ್ದು ಅವರಿಗೆ ಬಹಳ ಸೇರಿತು. ಮೈಯೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಮೊದಲ ಮನುಷ್ಯ ಸ್ವೀಡನ್ನಿನ ಆರ್ನೆ ಲಾರ್ಸನ್, 1958ರ ಅಕ್ಟೋಬರ್ 8ರಂದು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅದನ್ನು ಬೂಟ್ ಪಾಲಿಶಿನ ಡಬ್ಬಿಯನ್ನು ಅಚ್ಚಾಗಿಸಿ ಎರೆದಿದ್ದರು, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಕೂರಿಸಿದರು. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಆದರೆ ಲಾರ್ಸನ್ ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸುತ್ತ, ಎಂಜಿನಿಯರನ್ನೂ ವೈದ್ಯರನ್ನೂ ದಾಟಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. “ಖಾತೆದಾರ ಬ್ಯಾಂಕಿಗಿಂತ ಹೆಚ್ಚು ಬಾಳಿದ” ಎಂದು ಅಪ್ಪ ಎರಡು ದಿನ ಬಂದವರಿಗೆಲ್ಲ ಹೇಳಿದರು. ಉಡುಪಿ, ಮಂಗಳೂರಿನ ಬ್ಯಾಂಕುಗಳು ಒಂದೊಂದಾಗಿ ಬೇರೆ ಬ್ಯಾಂಕುಗಳಲ್ಲಿ ಕರಗಿದ್ದನ್ನು ನೋಡಿದವರ ಬಾಯಲ್ಲಿ ಆ ಮಾತಿಗೆ ಬೇರೆ ತೂಕ.

ಮನೆಗೆ ಬಂದ ಮೇಲೆ ನೀಲಿ ಫೈಲಿಗೆ ಹೊಸ ಮೊದಲ ಪುಟ ಬಂತು, ಕೆಂಪು ಶಾಯಿಯಲ್ಲಿ. ಮೊಬೈಲ್ ಎಡ ಜೇಬಿನಲ್ಲಿ ಇಡಬಾರದು. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ. ಎಂಆರ್‌ಐ ಮಾಡುವ ಮೊದಲು ಹೇಳಬೇಕು. ಗುರುತಿನ ಕಾರ್ಡು ಪರ್ಸಿನಲ್ಲಿ. ಕೊನೆಯ ಸಾಲು: ‘ದಹನಕ್ಕೆ ಮೊದಲು ತೆಗೆಸುವುದು. ಬ್ಯಾಟರಿ ಸಿಡಿಯುತ್ತದೆ. ಮರೆಯಬಾರದು.’

ಅಮ್ಮ ಅದನ್ನು ಓದಿ ಫೈಲನ್ನು ಮಂಚದ ಮೇಲೆ ಎಸೆದರು. “ಇದನ್ನೆಲ್ಲ ಈಗಲೇ ಬರೆಯಬೇಕೇ?”

“ಆಗ ಬರೆಯೋಣವೆಂದರೆ ನಾನಿರುವುದಿಲ್ಲವಲ್ಲ” ಎಂದರು ಅಪ್ಪ. ಫೈಲನ್ನು ಎತ್ತಿ ಅಂಚು ಸರಿಮಾಡಿದರು.

ಪೇಸ್‌ಮೇಕರಿನಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು ಲೆಕ್ಕ ಇಡುತ್ತದೆ ಎಂಬುದು. ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದರೆ ಎದೆಯ ಮೇಲೆ ಒಂದು ಸಾಧನ ಇಟ್ಟು, ಒಳಗಿನದ್ದನ್ನು ಓದಿ, ಎಷ್ಟು ಬಡಿತ ಸ್ವಂತದ್ದು, ಎಷ್ಟು ಯಂತ್ರದ್ದು, ಬ್ಯಾಟರಿ ಇನ್ನೆಷ್ಟು ವರ್ಷ ಎಂದು ಹೇಳುತ್ತಾರೆ. ಇದಕ್ಕೆ ಅಪ್ಪ ಇಟ್ಟ ಹೆಸರು ‘ಪಾಸ್‌ಬುಕ್ ಎಂಟ್ರಿ’. ನಾಳೆ ಎಂಟ್ರಿ ಮಾಡಿಸಲಿಕ್ಕಿದೆ ಎಂದು ಫೋನು ಮಾಡುತ್ತಾರೆ, ನಾನು ರಜೆ ಹಾಕಿ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತುತ್ತೇನೆ.

2024ರ ನವೆಂಬರಿನ ಎಂಟ್ರಿಯಲ್ಲಿ ಹಳೆಯ ನೆಂಟ ಸಿಕ್ಕಿಬಿದ್ದ. ದೀಪಾವಳಿಯ ಹೊತ್ತಿನಲ್ಲಿ ಒಂದು ದಿನ ಮೇಲಿನ ಕೋಣೆಗಳು ಹದಿನೇಳು ಗಂಟೆ ಅದುರಿದ್ದವು. 2011ರ ಮೂರನೆಯ ರಾತ್ರಿ ಬಂದು ಹೋದದ್ದೇ ಇದು. ಶಸ್ತ್ರಚಿಕಿತ್ಸೆಯ ನಂತರ ಕಾಣುವ ಫಿಬ್ರಿಲೇಶನ್ ತಾತ್ಕಾಲಿಕ, ಮರೆತುಬಿಡಿ ಎನ್ನುತ್ತಿದ್ದ ಕಾಲ ಹೋಗಿದೆಯಂತೆ. ಒಮ್ಮೆ ಬಂದವರಲ್ಲಿ ಅದು ವರ್ಷಗಳ ಮೇಲೆ ಮರಳುವ, ಮೇಲಿನ ಎಡ ಕೋಣೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿಯಾಗುವ ಸಂಭವ ಉಳಿದವರಿಗಿಂತ ಹೆಚ್ಚು.

“ಆ ದಿನ ಏನಾದರೂ ಗೊತ್ತಾಗಿತ್ತೇ?” ಎಂದು ಡಾಕ್ಟರು ಕೇಳಿದರು. ಅಪ್ಪ ಕೈಚೀಲದಿಂದ ಡೈರಿ ತೆಗೆದು ಪುಟ ತಿರುವಿದರು. ಆ ತಾರೀಖಿಗೆ ‘ಎಣ್ಣೆಸ್ನಾನ. ಚೆನ್ನಾಗಿ ನಿದ್ದೆ’ ಎಂದು ಬರೆದಿತ್ತು. ಬಹಳ ಹೊತ್ತು ಅದನ್ನೇ ನೋಡಿದರು. ಅವರ ಲೆಕ್ಕವೂ ಯಂತ್ರದ ಲೆಕ್ಕವೂ ತಾಳೆಯಾಗುತ್ತಿರಲಿಲ್ಲ. ಅವರ ಕೆಲಸದ ದಿನಗಳಲ್ಲಿ ಹೀಗಾಗಿದ್ದರೆ ತಾಳೆಯಾಗುವ ತನಕ ರಾತ್ರಿ ಮನೆಗೆ ಬರುತ್ತಿರಲಿಲ್ಲ.

75 ದಾಟಿದೆ, ಬಿಪಿ ಇದೆ, ರಕ್ತನಾಳದ ಕಾಯಿಲೆ ಇದೆ ಎಂದು ಡಾಕ್ಟರು ಬೆರಳು ಮಡಚಿ ಎಣಿಸಿ, ಆಸ್ಪಿರಿನ್ ನಿಲ್ಲಿಸಿ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ಬರೆದರು. ರಕ್ತಸ್ರಾವದ ಅಪಾಯವನ್ನೂ ಬಿಡಿಸಿ ಹೇಳಿದರು: ಒಸಡು, ಮೂತ್ರ, ಮಲದ ಬಣ್ಣ ಗಮನಿಸಬೇಕು, ಬಿದ್ದು ತಲೆಗೆ ಪೆಟ್ಟಾದರೆ ಬರಬೇಕು. ಅಪ್ಪ ಬರೆದುಕೊಂಡರು.

ಹೊರಡುವಾಗ ತಂತ್ರಜ್ಞೆ ಆ ಹದಿನೇಳು ಗಂಟೆಯ ಒಂದು ತುಣುಕನ್ನು ಅಚ್ಚು ಮಾಡಿಕೊಟ್ಟರು. ಉದ್ದನೆಯ ಹಾಳೆ, ನಸುಗೆಂಪು ಚೌಕ, ಮೇಲೆ ಗೊಂದಲದ ಗೆರೆ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಕನ್ನಡಕ ಹಣೆಗೇರಿಸಿ, ಖಾಲಿ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಜೋರಾಗಿ ಗೀಚಿದರು. ಉಗುರು ಹೋದಲ್ಲಿ ಕಪ್ಪು ಗೆರೆ ಎದ್ದಿತು.

“ಅದೇ ಕಾಗದ” ಎಂದರು, ನನ್ನ ಮುಖ ನೋಡದೆ. “ಕೆಳಗೆ ಜೆರಾಕ್ಸ್ ಅಂಗಡಿ ಒಂದು ಇದೆ. ಎರಡು ಪ್ರತಿ ತೆಗೆಸು. ಲ್ಯಾಮಿನೇಷನ್ ಬೇಡ.”